ಸಾವಿರಕ್ಕೊಂದು ಮಗು

ದೋಷದ ವರದಿಯಲ್ಲಿ “ಸಂಭವ: ಅಪರೂಪ” ಎಂದು ಮ್ಯಾನೇಜರು ಬರೆದಿಟ್ಟಿದ್ದರು. ಅದರ ಕೆಳಗೆ ಪರೀಕ್ಷಕಿಯಾದ ನನ್ನ ಸಹಿ ಬಿದ್ದರೆ ಸಂಜೆಯೊಳಗೆ ಲಾರಿ ಹೊರಡುತ್ತಿತ್ತು. ಅದರಲ್ಲಿ ತುಂಬಿದ್ದದ್ದು ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು.

ಪೆಟ್ಟಿಗೆಯ ಸಾಫ್ಟ್‌ವೇರ್ ಆನ್ ಮಾಡಿದ ಗಳಿಗೆಯಿಂದ ಮಿಲಿಸೆಕೆಂಡುಗಳನ್ನು ಎಣಿಸುತ್ತದೆ. ಎಣಿಕೆಗೆ ಕೊಟ್ಟ ಜಾಗ ಚಿಕ್ಕದು. ಐವತ್ತು ದಿನವಾಗುವಷ್ಟರಲ್ಲಿ ಅದು ತುಂಬಿ, ಹಳೆಯ ಕಾರಿನ ಮೀಟರಿನಂತೆ ಸೊನ್ನೆಗೆ ಮರಳುತ್ತದೆ. ಆಗ ಹೀಟರು, ಆರುವ ಹೊತ್ತು ಇನ್ನೂ ದೂರವಿದೆಯೆಂದುಕೊಂಡು ಕಾಯಿಸುತ್ತಲೇ ಇರುತ್ತದೆ. ಎಚ್ಚರಿಕೆಯ ಗಂಟೆಯೂ ಅದೇ ಎಣಿಕೆಯನ್ನು ನಂಬಿಕೊಂಡು ಸುಮ್ಮನಿರುತ್ತದೆ. ನಾವೋ, ಬೆಳಿಗ್ಗೆ ಆನ್ ಮಾಡಿ ಸಂಜೆ ಆರಿಸಿ ಮನೆಗೆ ಹೋಗುವವರು. ನಮ್ಮ ಪರೀಕ್ಷೆಗೆ ಅದು ಸಿಕ್ಕೀತಾದರೂ ಹೇಗೆ? ಈ ವಾರ ನಾನು ಎಣಿಕೆಯನ್ನು ತುಂಬುವ ಅಂಚಿನಿಂದಲೇ ಶುರು ಮಾಡಿದೆ. ಹಾಸಿಗೆ ಸುಡತೊಡಗಿತು.

“ಐವತ್ತು ದಿನ ಆರಿಸದೆ ಯಾರು ಬಿಡ್ತಾರೆ ಮೇಡಂ?” ಎಂದರು ಮ್ಯಾನೇಜರು. “ಮಗು ಮನೆಗೆ ಹೋದ ಕೂಡ್ಲೆ ಆರಿಸ್ತಾರೆ. ಲೆಕ್ಕ ಹಾಕಿದೀನಿ. ಸಾವಿರಕ್ಕೆ ಒಂದು.”

“ಆ ಒಂದು ಯಾವುದು?”

“ಅಂದ್ರೆ?”

“ಚೀಟಿ ಎತ್ತಿ ಬರೋ ಒಂದಲ್ಲ ಸಾರ್ ಅದು. ಗಟ್ಟಿ ಮಕ್ಕಳು ಬೇಗ ಮನೆಗೆ ಹೋಗ್ತವೆ. ಕೊನೇವರೆಗೂ ಉಳಿಯೋದು ಎಲ್ಲಕ್ಕಿಂತ ಸೊರಗಿರೋದು. ಅದರ ಪಾಲಿಗೆ ಇದು ಅಪರೂಪ ಅಲ್ಲ, ಖಂಡಿತ.”

“ನೀವು ತಾಯಿ ನೋಡಿ, ಅದಕ್ಕೇ ಕರುಳು ಚುರ್ ಅನ್ನತ್ತೆ.”

ಮೈಯೆಲ್ಲ ಉರಿದುಹೋಯಿತು. “ಕರುಳು ಬಿಡಿ, ಭಾಗಾಕಾರ ಮಾತಾಡೋಣ. ಅಪಾಯಾನ ಸಾವಿರ ಮಕ್ಕಳ ಮೇಲೂ ಹಂಚಿಬಿಟ್ರಲ್ಲ, ಸುಡೋದು ಹಂಚ್ಕೊಂಡು ಸುಡತ್ತಾ?”

ಅವರು ಕೆಮ್ಮಿದರು. “ಸರಿ, ವಾರಕ್ಕೊಮ್ಮೆ ಆರಿಸಿ ಅಂತ ಸ್ಟಿಕ್ಕರ್ ಅಂಟಿಸೋಣ.”

“ಮತ್ತೆ ಬಿಸಿಯಾಗೋವರೆಗೂ ಮಗೂನ ಎಲ್ಲಿಡೋದು? ನಿಮ್ಮ ಜೇಬಲ್ಲಾ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ!”

“ನೀವು ಸಹಿ ಹಾಕದಿದ್ರೆ ಬೇರೆಯವರ ಹತ್ರ ಹಾಕಿಸ್ತೀನಿ.”

“ಹಾಕಿಸಿ. ಮೊದಲು ಇಲ್ಲಿ ಕೈ ಇಡಿ.”

ಪರೀಕ್ಷೆಯ ಪೆಟ್ಟಿಗೆ ಮೇಜಿನ ಮೇಲೆ ಇನ್ನೂ ಕಾಯುತ್ತಿತ್ತು. ಹಟಕ್ಕೆ ಬಿದ್ದು ಹಾಸಿಗೆಯ ಮೇಲೆ ಅಂಗೈ ಊರಿದವರು ಥಟ್ಟನೆ ಎಳೆದುಕೊಂಡರು.

“ಯಾಕೆ ತೆಗೆದ್ರಿ? ಮಗೂಗೆ ತೆಗೆಯೋಕೆ ಬರಲ್ಲ. ಇಡಿ ಮತ್ತೆ.”

ಇಡಲಿಲ್ಲ. ಕೆಂಪಾದ ಅಂಗೈ ನೋಡಿಕೊಂಡು, ಫೋನೆತ್ತಿ ಲಾರಿಯವನಿಗೆ ಮಾಲು ಇಳಿಸಲು ಹೇಳಿದರು.

ಮಾಲು ಇಳಿಯಿತು. ನನ್ನ ಸಿಟ್ಟು ಇಳಿಯಲಿಲ್ಲ.