ಬೆನ್ನ ಮೇಲಿನ ಜಿಪ್

ಆಳದ ನೀರಿಗೆ ಇಳಿಯುವವರ ಸೂಟಿಗೆ ಜಿಪ್ ಇರುವುದು ಬೆನ್ನ ಮೇಲೆ, ಈ ಭುಜದಿಂದ ಆ ಭುಜದ ತನಕ. ನೀವು ಎಂಥ ಗಟ್ಟಿಗರೇ ಆಗಿರಿ, ಅದನ್ನು ನೀವೇ ಹಾಕಿಕೊಳ್ಳೋಕೆ ಆಗಲ್ಲ, ನೀವೇ ತೆಗೆಯೋಕೂ ಆಗಲ್ಲ. ಇನ್ನೊಬ್ಬರ ಮುಂದೆ ಬೆನ್ನು ತಿರುಗಿಸಿ, ತಲೆ ಬಗ್ಗಿಸಿ ನಿಲ್ಲಬೇಕು. ಕೊನೆಯ ಹಲ್ಲು ಸರಿಯಾಗಿ ಕೂರದಿದ್ದರೆ ತಣ್ಣೀರು ಒಳಗೆ ಬಂತು ಅಂತಲೇ ಲೆಕ್ಕ, ಆಮೇಲೆ ದೇವರೇ ಗತಿ. ಹಾಗಾಗಿ ಈ ಕೆಲಸವನ್ನು ಸಿಕ್ಕಸಿಕ್ಕವರ ಕೈಗೆ ಕೊಡುವುದಿಲ್ಲ. ಭಾವ ಎಷ್ಟೋ ವರ್ಷಗಳಿಂದ ತಮ್ಮ ಬೆನ್ನನ್ನು ಒಬ್ಬನಿಗೇ ಒಪ್ಪಿಸುತ್ತಿದ್ದರು, ಹೆಂಡತಿಯ ತಮ್ಮನಿಗೆ.

ಆ ತಮ್ಮನನ್ನು ಬಂದರಿನಲ್ಲಿ ಎಲ್ಲರೂ ತಿಮಿಂಗಿಲ ಅನ್ನುತ್ತಿದ್ದರು. ಆ ಹೆಸರನ್ನು ಅವನಿಗೆ ಅವನೇ ಇಟ್ಟುಕೊಂಡದ್ದು ಅಂತ ಅವನ ಅಕ್ಕ ಆಣೆ ಮಾಡಿ ಹೇಳುತ್ತಾಳೆ, ನಂಬುವ ಮಾತೇ. ಬಾಯಿ ತೆರೆದರೆ ಸಮುದ್ರ ಅವನ ಜೇಬಿನಲ್ಲಿರುತ್ತಿತ್ತು. ಬಂದರಿನ ಎದುರಿನ ಚಹಾದಂಗಡಿಯಲ್ಲಿ ಕೂತು ಬಡಾಯಿ ಕೊಚ್ಚಲು ಶುರು ಮಾಡಿದನೆಂದರೆ ಕೇಳುವವರ ಚಹಾ ತಣ್ಣಗಾಗುತ್ತಿತ್ತು. ಹೇಳಿದ್ದೆಲ್ಲ ಸುಳ್ಳೇನಲ್ಲ, ಅದು ಬೇರೆ ಮಾತು. ಇಳಿಯುತ್ತಿದ್ದ, ಚೆನ್ನಾಗಿಯೇ ಇಳಿಯುತ್ತಿದ್ದ. ಕಲಿಸಿದವರು ಭಾವ. ಮನೆಯ ಹಿಂದಿನ ಗ್ಯಾರೇಜಿನಲ್ಲಿ ಕಾರು ನಿಲ್ಲಬೇಕಾದ ಕಡೆ ಸಿಲಿಂಡರುಗಳು ನಿಂತಿದ್ದವು, ಗೋಡೆಯ ಮೊಳೆಗಳಿಂದ ರಬ್ಬರ್ ಕೊಳವೆಗಳು ಜೋತುಬಿದ್ದಿದ್ದವು, ನಡುವೆ ಒಂದು ಕಾಲು ಕುಂಟುವ ಸ್ಟೂಲು. ಆ ಸ್ಟೂಲಿನ ಮೇಲೆ ಅವನನ್ನು ಕೂರಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಯಾವ ಕೊಳವೆ ಯಾವ ಸಿಲಿಂಡರಿನದು ಅಂತ ಮುಟ್ಟಿಯೇ ಹೇಳುವ ತನಕ ಊಟಕ್ಕೆ ಬಿಡುತ್ತಿರಲಿಲ್ಲ.

ಅಲ್ಲಿ ಕಲಿಸಿದ ಮೊದಲ ಪಾಠ ಹೆಬ್ಬೆರಳಿನದು. ನೀರಿನೊಳಗೆ ಹೆಬ್ಬೆರಳು ಮೇಲೆತ್ತಿದರೆ, ಸಾಕು, ವಾಪಸ್ ಹೋಗೋಣ ಅಂತ. ಇಬ್ಬರಲ್ಲಿ ಯಾರು ಬೇಕಾದರೂ ಎತ್ತಬಹುದು, ಯಾವಾಗ ಬೇಕಾದರೂ ಎತ್ತಬಹುದು. ಎತ್ತಿದ ಮೇಲೆ ಇನ್ನೊಬ್ಬ ತಿರುಗಲೇಬೇಕು, ಯಾಕೆ ಅಂತ ಕೇಳುವ ಹಾಗಿಲ್ಲ. ಕೆಳಗೂ ಇಲ್ಲ, ಮೇಲೆ ಬಂದ ಮೇಲೂ ಇಲ್ಲ. "ಕೇಳೋಕೆ ಶುರು ಮಾಡಿದ್ರೆ ನಾಳೆ ಯಾವನೋ ನಾಚಿಕೆಗೆ ಬಿದ್ದು ಬೆರಳು ಎತ್ತದೆ ಸಾಯ್ತಾನೆ ಕಣೋ," ಅನ್ನುತ್ತಿದ್ದರು ಭಾವ. ತಿಮಿಂಗಿಲ ಆಗ ಮನಸ್ಸಿನಲ್ಲೇ ನಗುತ್ತಿದ್ದ. ಬೆರಳು ಎತ್ತುವವರು ಬೇರೆ ಯಾರೋ, ತಾನಲ್ಲ ಅಂತ ಅವನ ಎಣಿಕೆ.

ಇನ್ನು ಹಡಗಿನ ವಿಷಯ. ಭಾವನ ತಂದೆ ಸರಕು ಹಡಗೊಂದರಲ್ಲಿ ಅಡುಗೆಯವರಾಗಿದ್ದರು. ಭಾವ ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಆ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಬದುಕಿ ಬಂದವರಲ್ಲಿ ಒಬ್ಬ, ಪಾತ್ರೆಪಗಡ ಹೊರಗೆ ಉರುಳದಿರಲಿ ಅಂತ ಅಡುಗೆಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಜಡಿದಿದ್ದರು, ಆ ಮನುಷ್ಯ ಒಳಗಿದ್ದ ಅಂದ. ಇನ್ನೊಬ್ಬ, ಛೆ, ಹಾಗೇನಿಲ್ಲ, ಬಾಗಿಲು ತೆಗೆದೇ ಇತ್ತು, ಹೊರಗೆ ಬಂದವನನ್ನು ಅಲೆ ಎಳೆದುಕೊಂಡು ಹೋಯಿತು ಅಂದ. ಭಾವನ ತಾಯಿ ಸಾಯುವ ತನಕ ಕೇಳುತ್ತಿದ್ದದ್ದು ಒಂದೇ. "ಬಾಗಿಲು ತೆಗೆದಿತ್ತೋ, ಹಾಕಿತ್ತೋ?" ಊಟಕ್ಕೆ ಕೂತಾಗ ಕೇಳುತ್ತಿದ್ದರು, ಬಟ್ಟೆ ಮಡಿಸುತ್ತಾ ಕೇಳುತ್ತಿದ್ದರು. ತೆಗೆದಿದ್ದರೆ ಗಂಡ ಒಂದು ಗಳಿಗೆಯಲ್ಲಿ ಹೋದ. ಹಾಕಿದ್ದರೆ ಕತ್ತಲಲ್ಲಿ ಬಾಗಿಲು ಬಡಿಯುತ್ತಾ ಹೋದ. ಉತ್ತರ ಸಿಗದೆ ತಾಯಿ ಹೋದರು, ಪ್ರಶ್ನೆ ಮಗನಿಗೆ ಉಳಿಯಿತು. ಭಾವ ನೀರಿಗಿಳಿಯುವುದನ್ನು ಕಲಿತದ್ದೇ ಅದಕ್ಕೆ ಅಂತ ಅಕ್ಕನಿಗೆ ಗೊತ್ತು, ತಿಮಿಂಗಿಲನಿಗೂ ಗೊತ್ತು.

ಎಷ್ಟೋ ಕಾಲ ಆ ಹಡಗು ಎಲ್ಲಿದೆ ಅಂತಲೇ ಯಾರಿಗೂ ತಿಳಿದಿರಲಿಲ್ಲ. ಮೀನುಗಾರರ ಬಲೆ ಒಂದೇ ಕಡೆ ಮತ್ತೆ ಮತ್ತೆ ಹರಿಯತೊಡಗಿದಾಗ ಸಿಕ್ಕಿತು. ತೊಂಬತ್ತು ಮೀಟರ್ ಕೆಳಗೆ, ಪಕ್ಕಕ್ಕೆ ಒರಗಿ ಮಲಗಿತ್ತು. ಅಷ್ಟು ಆಳಕ್ಕೆ ಒಬ್ಬರೇ ಇಳಿಯುವ ಹಾಗಿಲ್ಲ, ಇಳಿಯಬಲ್ಲವರು ಅಕ್ಕನ ಬೋಟಿನಲ್ಲಿ ಇವರಿಬ್ಬರೇ. ಅರವತ್ತು ತುಂಬಿದವರನ್ನು ಇಳಿಸಿದರೆ ಬೋಟಿನ ವಿಮೆ ಬಿದ್ದುಹೋಗುತ್ತದೆ, ಭಾವನಿಗೆ ಬರುವ ಚಳಿಗಾಲಕ್ಕೆ ಅರವತ್ತು. ಸಮುದ್ರ ನೋಡಿದರೆ ಆ ವರ್ಷವಿಡೀ ಮುನಿಸಿಕೊಂಡಿತ್ತು. ಕೊನೆಗೂ ಎರಡು ದಿನ ಗಾಳಿ ತಣ್ಣಗಾಗುತ್ತದೆ ಅಂತ ಗೊತ್ತಾದಾಗ ಅಕ್ಕ ಬೋಟು ಹೊರಡಿಸಿದಳು. ಬೋಟು ಅವಳದು, ಅಲ್ಲಿ ಅವಳು ಹೇಳಿದ್ದೇ ಕೊನೆ ಮಾತು, ಗಂಡನಿಗೂ.

ಮೊದಲ ದಿನ ಬೆಳಿಗ್ಗೆ ಎಲ್ಲರೂ ಖುಷಿಯಾಗಿದ್ದರು. ಕೆಳಗಿನ ಕೆಲಸ ಚೂರೇ ಹೊತ್ತು, ಮೇಲೆ ಬರುವುದಕ್ಕೆ ಅರ್ಧ ದಿನ ಬೇಕು. ರಕ್ತಕ್ಕೆ ಸೇರಿದ ಗಾಳಿ ಇಳಿಯುವ ತನಕ ಹಗ್ಗ ಹಿಡಿದು ಅಲ್ಲಲ್ಲಿ ನಿಂತು ನಿಂತು ಏರಬೇಕು. ಅಷ್ಟು ಹೊತ್ತು ತಡೆಯುವುದು ಹೇಗೆ? ಅದಕ್ಕೇ ದೊಡ್ಡವರ ಡೈಪರ್. "ತಿಮಿಂಗಿಲಕ್ಕೆ ಡೈಪರ್ ಹಾಕಿದ್ದಾಯ್ತೇನೋ?" ಅಂತ ಅಕ್ಕ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು. ನೀರಿಗೆ ಬೀಳುವ ಮುಂಚೆ ಸಿಲಿಂಡರಿನ ಗಾಳಿಯನ್ನು ಒಂದೆರಡು ಸಲ ಎಳೆದು ನೋಡುವುದು ರೂಢಿ. ಆಳದಲ್ಲಿ ತಲೆ ಮಂಕಾಗದಿರಲಿ ಅಂತ ಅದರಲ್ಲಿ ಅರ್ಧ ಹೀಲಿಯಂ ಇರುತ್ತದೆ, ಎಳೆದವರ ದನಿ ಬಾತುಕೋಳಿಯ ದನಿಯಾಗುತ್ತದೆ. ತಿಮಿಂಗಿಲ ಬಾತುಕೋಳಿ ದನಿಯಲ್ಲಿ, "ಅಕ್ಕಾ, ರಾತ್ರಿ ಊಟಕ್ಕೆ ಬರ್ತೀನಿ, ಕಾಯ್ತಿರು," ಅಂದ. ಬೋಟಿನ ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ, ಭಾವ ಕೂಡ ನಕ್ಕರು. ಆಮೇಲೆ, ಸಿಲಿಂಡರು ಕಟ್ಟುವ ಮುಂಚೆ, ಬೆನ್ನು ತಿರುಗಿಸಿ ನಿಂತರು. ತಿಮಿಂಗಿಲ ಜಿಪ್ ಎಳೆದು, ಕೊನೆಯ ಹಲ್ಲನ್ನು ಬೆರಳಿನಿಂದ ಒತ್ತಿ ನೋಡಿ, ಭುಜ ತಟ್ಟಿದ.

ಕೆಳಗೆ ಎಲ್ಲವೂ ಅಂದುಕೊಂಡ ಹಾಗೇ ನಡೆಯಿತು. ಹಡಗಿನ ಒಳಗಿನ ಓಣಿಗೆ ದಾರಿ ಸಿಕ್ಕಿತು. ವಾಪಸ್ ಬರಲು ದಾರಿ ತಪ್ಪದಿರಲಿ ಅಂತ ದಾರ ಬಿಚ್ಚುತ್ತಾ ತಿಮಿಂಗಿಲ ಮುಂದೆ, ಭಾವ ಹಿಂದೆ. ಓಣಿ ಒಂದು ಕಡೆ ತಿರುಗುತ್ತಿತ್ತು. ತಿರುವು ದಾಟಿದರೆ ಅಡುಗೆಮನೆಯ ಬಾಗಿಲು. ತಿಮಿಂಗಿಲ ತಿರುವಿನ ಮೂಲೆಗೆ ಕೈಯಿಟ್ಟ. ಅಲ್ಲಿಗೆ ನಿಂತುಬಿಟ್ಟ.

ಏನಾಯಿತು ಅಂದರೆ, ಏನೂ ಆಗಿರಲಿಲ್ಲ. ಉಸಿರು ಬರುತ್ತಿತ್ತು, ದೀಪ ಉರಿಯುತ್ತಿತ್ತು, ದಾರ ಕೈಯಲ್ಲಿತ್ತು, ಸೂಟಿನ ಒಳಗೆ ಒಣಗಿಯೇ ಇತ್ತು. ಹೆದರಿಕೆ ಆಯಿತು, ಅಷ್ಟೇ. ಮುಂದೆ ಒಂದು ಮೊಳ ಹೋದರೂ ತಾನು ಸತ್ತೆ ಅನ್ನಿಸಿತು. ಅವನು ಹಿಂದೆ ತಿರುಗಿ, ಭಾವನ ದೀಪದ ಬೆಳಕಿನಲ್ಲಿ, ಹೆಬ್ಬೆರಳು ಎತ್ತಿದ.

ಭಾವ ಆ ಕ್ಷಣವೇ ಹೆಬ್ಬೆರಳು ಎತ್ತಿ ಒಪ್ಪಿ ತಿರುಗಿದರು. ತಿರುವಿನ ಕಡೆ ಒಂದು ಸಲ ಕತ್ತು ಚಾಚಿ ನೋಡಬಹುದಿತ್ತು. ನೋಡಲಿಲ್ಲ. ಆಮೇಲೆ ತಿಮಿಂಗಿಲನಿಗೆ ಮರೆಯಲಾಗದೆ ಹೋದದ್ದು ಹಡಗಲ್ಲ, ಕತ್ತಲಲ್ಲ, ಅವರು ತಿರುಗಿದ ಆ ರೀತಿ.

ಮೇಲೇರುವ ದಾರಿಯಲ್ಲಿ ಇಬ್ಬರೂ ಒಂದೇ ಹಗ್ಗ ಹಿಡಿದು ಎದುರುಬದುರು ನೇತಾಡಬೇಕು. ನಾಚಿಕೆಯಾದವನು ನೆಲದ ಮೇಲಾದರೆ ಎದ್ದು ಆಚೆ ಹೋಗಬಹುದು, ಮುಖ ಮುಚ್ಚಿಕೊಂಡು ಮಲಗಬಹುದು. ಇಲ್ಲಿ ಎಲ್ಲಿಗೆ ಹೋಗುವುದು? ಎರಡು ಅಡಿ ದೂರದಲ್ಲಿ ಭಾವನ ಮುಖ. ಬೈದಿದ್ದರೆ, ಕಣ್ಣು ಕೆಂಪಗೆ ಮಾಡಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಭಾವ ನೀರೊಳಗೆ ಬರೆಯುವ ಹಲಗೆಯಲ್ಲಿ ಚುಕ್ಕಿಗಳನ್ನಿಟ್ಟು ಅವನ ಕಡೆ ಚಾಚಿದರು. ಮಕ್ಕಳು ಆಡುವ ಚೌಕ ಕಟ್ಟುವ ಆಟ! ಹೊತ್ತು ಹೋಗಲಿ ಅಂತ. ತಿಮಿಂಗಿಲ ಆಡಿದ, ಗೆದ್ದ ಕೂಡ. ಭಾವ ಬೇಕೆಂದೇ ಸೋತರು ಅಂತ ಅವನಿಗೆ ಗೊತ್ತಾಯಿತು.

ಆಟ ಮುಗಿದ ಮೇಲೆ ಅವನ ತಲೆಗೆ ಒಂದು ಕೆಟ್ಟ ಯೋಚನೆ ಬಂತು. ಮುಂದೆ ಇದ್ದವನು ತಾನು. ತಾನು ಏನು ಕಂಡೆ, ಏನು ಕಾಣಲಿಲ್ಲ ಅಂತ ಭಾವನಿಗೆ ಹೇಗೆ ಗೊತ್ತಾಗಬೇಕು? ಹಲಗೆ ತನ್ನ ಕಡೆ ತಿರುಗಿಸಿಕೊಂಡು, "ಬಾಗಿಲು ಕಂಡಿತು. ತೆಗೆದಿತ್ತು," ಅಂತ ಬರೆದ. ಬರೆದದ್ದನ್ನು ತಾನೇ ಓದಿದ. ಥೂ, ಮನುಷ್ಯನಾ ನೀನು ಅಂತ ತನ್ನನ್ನೇ ಬೈದುಕೊಂಡು ಅಂಗೈಯಿಂದ ಉಜ್ಜಿ ಅಳಿಸಿದ.

ಬೋಟಿಗೆ ಹತ್ತಿದಾಗ ಅಕ್ಕ ಗಂಡನ ಮುಖ ನೋಡಿದಳು, ಅರ್ಧದಲ್ಲೇ ತಿರುಗಿ ಬಂದದ್ದು ಗೊತ್ತಾಯಿತು. ನಿಯಮ ನಿಯಮವೇ, ಕೇಳಲಿಲ್ಲ. ಆದರೆ ಕೇಳದೆ ಇರಲು ಅವಳು ಪಡುತ್ತಿದ್ದ ಪಾಡು ಎಲ್ಲರಿಗೂ ಕಾಣುತ್ತಿತ್ತು. ಭಾವ ಕೈಗವಸು ಕಳಚುತ್ತಾ, "ನನ್ನಿಂದ್ಲೇ ತಿರುಗಿದ್ದು. ಉಸಿರು ಹಿಡಿತಕ್ಕೆ ಬರಲಿಲ್ಲ. ವಯಸ್ಸಾಯ್ತು ನೋಡು," ಅಂದರು.

ತಿಮಿಂಗಿಲ ಅಲ್ಲೇ ನಿಂತಿದ್ದ. ಬಾಯಿ ಬಿಡಬಹುದಿತ್ತು. ಡ್ರೈವರ್ ಬಂದು ಅವನ ಭುಜ ತಟ್ಟಿ, "ಪಾಪ, ನೀವು ಜೊತೆಗಿದ್ರಿ, ಸದ್ಯ," ಅಂದ. ಆಗಲೂ ಬಾಯಿ ಬಿಡಬಹುದಿತ್ತು. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗುತ್ತಿದ್ದೆ ಅನ್ನುತ್ತಾರಲ್ಲ, ಇವನಿಗೆ ಆ ಮಾತೂ ದಕ್ಕಲಿಲ್ಲ. ಒಳಗೆ ಹೋಗಲಾರದೆ ತಾನೇ ಬಂದದ್ದು? ಅವನು ಬಿಸಿ ಸೂಪಿನ ಲೋಟ ಹಿಡಿದು ಮೂಲೆಯಲ್ಲಿ ಕೂತ. ಸೂಪು ರುಚಿಯಾಗಿಯೇ ಇತ್ತು, ಪೂರ್ತಿ ಕುಡಿದ, ಅದಕ್ಕೂ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಸಮುದ್ರ ಎಣ್ಣೆ ಸುರಿದ ಹಾಗೆ ನುಣ್ಣಗಿತ್ತು. ಸಿಲಿಂಡರುಗಳಲ್ಲಿ ಇಬ್ಬರು ಇನ್ನೊಂದು ಸಲ ಇಳಿಯುವಷ್ಟು ಗಾಳಿ ಉಳಿದಿತ್ತು. ಸಂಜೆಯಿಂದ ಗಾಳಿಮಳೆ, ಆಮೇಲೆ ಈ ವರ್ಷಕ್ಕೆ ಮುಗಿಯಿತು ಅಂತ ರೇಡಿಯೋ ಹೇಳಿತು. ಭಾವ ಎಲ್ಲರಿಗಿಂತ ಮುಂಚೆ ಎದ್ದು ಸಿಲಿಂಡರುಗಳ ಪಕ್ಕ ಕೂತಿದ್ದರು. ಅಕ್ಕ ಚಹಾದ ಲೋಟ ಅವರ ಕೈಗೆ ಕೊಟ್ಟು, ಅವರ ಕಡೆ ನೋಡದೆಯೇ ಡ್ರೈವರಿಗೆ, "ಲಂಗರು ಎತ್ತಪ್ಪ, ಮನೆಗೆ ಹೋಗೋಣ," ಅಂದಳು.

"ಇದೊಂದು ಸಲ ಕಣೇ," ಅಂದರು ಭಾವ.

"ಉಸಿರು ಹಿಡಿತಕ್ಕೆ ಬರಲ್ಲ ಅಂದವರು ಯಾರು? ನೀವೇ ತಾನೇ? ಮಾವನ್ನ ಆ ಹಡಗು ತಗೊಂಡದ್ದು ಸಾಲದಾ? ನಿಮ್ಮನ್ನೂ ಅಲ್ಲೇ ಬಿಟ್ಟು ಬರ್ಲಾ ನಾನು?"

ಭಾವ ಹೇಳಿದ ಸುಳ್ಳು ಅವರ ಕುತ್ತಿಗೆಗೇ ಬಂದಿತ್ತು. ಆದರೂ ತಿಮಿಂಗಿಲನ ಕಡೆ ತಿರುಗಿ ನೋಡಲಿಲ್ಲ. ಆ ಒಂದು ನೋಟ ಬಿದ್ದಿದ್ದರೆ ಇವನಿಗೂ ಸಿಟ್ಟು ಬಂದು ಹೇಗೋ ತಪ್ಪಿಸಿಕೊಳ್ಳುತ್ತಿದ್ದ. ಲಂಗರಿನ ಸರಪಳಿ ಕಿರುಗುಟ್ಟತೊಡಗಿತು. ಇನ್ನು ತಡೆಯಲು ಅವನಿಂದಾಗಲಿಲ್ಲ.

"ಅಕ್ಕಾ, ಭಾವ ಅಲ್ಲ. ನಾನು ಬೆರಳು ಎತ್ತಿದ್ದು. ಹೆದರಿಕೊಂಡೆ. ಭಾವಂಗೆ ಏನೂ ಆಗಿರ್ಲಿಲ್ಲ."

ಹೇಳಿದ ಕೂಡಲೇ ಎದೆಯ ಮೇಲಿನ ಕಲ್ಲು ಇಳಿಯಿತು. ಕಣ್ಣಲ್ಲಿ ನೀರೂ ಬಂತು. ಪಾಪ, ತನ್ನ ಪಾಲಿನ ಕಷ್ಟ ಅಲ್ಲಿಗೆ ಮುಗಿಯಿತು ಅಂದುಕೊಂಡುಬಿಟ್ಟ! ಒಪ್ಪಿಕೊಂಡವನ ತಪ್ಪನ್ನು ಜನ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ, ಬೆನ್ನು ಸವರುತ್ತಾರೆ ಅನ್ನುವ ತನಕ ಮಾತ್ರ ಅವನ ಬುದ್ಧಿ ಓಡಿತ್ತು.

ಅಕ್ಕ ತಮ್ಮನನ್ನು ನೋಡಿದಳು, ಗಂಡನನ್ನು ನೋಡಿದಳು. "ಹೌದೇನ್ರೀ?" ಅಂದಳು. ಭಾವ ಚಹಾ ಕುಡಿದರು. ಅವಳು ಸೆರಗಿನಿಂದಲೋ ತೋಳಿನಿಂದಲೋ ಕಣ್ಣು ಒರೆಸಿಕೊಳ್ಳುವ ಹೆಂಗಸಲ್ಲ. ಡ್ರೈವರಿಗೆ ಲಂಗರು ಮತ್ತೆ ಇಳಿಸಲು ಹೇಳಿ, "ಸರಿ ಹಾಗಿದ್ರೆ. ಇಬ್ರೂ ಸೂಟ್ ಹಾಕೊಳ್ಳಿ," ಅಂದಳು.

ಇಬ್ರೂ.

ತಿಮಿಂಗಿಲ ಸೂಟು ಹಾಕಿಕೊಂಡ. ಭಾವ ಅವನ ಜಿಪ್ ಹಾಕಿದರು, ಅವನು ಭಾವನ ಜಿಪ್ ಹಾಕಿದ. ಸಡಗರಕ್ಕೆ ಭಾವನ ಕಿವಿಗಳು ಶಾಲೆಗೆ ಹೊರಟ ಹುಡುಗನ ಕಿವಿಗಳ ಹಾಗೆ ಕೆಂಪಗಾಗಿದ್ದವು. "ತಿರುವಿನ ತನಕ ಬಾ ಸಾಕು. ನೀನು ಅಲ್ಲೇ ದೀಪ ಹಿಡಿದು ನಿಂತಿರು, ನಾನು ಇಣುಕಿ ಬರ್ತೀನಿ," ಅಂದರು ಮೆಲ್ಲಗೆ. ಇಷ್ಟು ಸುಲಭ ಮಾಡಿಕೊಟ್ಟಿದ್ದರು. ಬೆಂಚಿನ ಮೇಲೆ ಅಕ್ಕಪಕ್ಕ ಕೂತರು. ಸಿಲಿಂಡರುಗಳನ್ನು ಬೆನ್ನಿಗೆ ಕಟ್ಟಿದ್ದಾಯಿತು. ಇಬ್ಬರೂ ಗಾಳಿ ಎಳೆದು ನೋಡಿದರು, ಒಂದು ಸಲ, ಎರಡು ಸಲ.

ತಿಮಿಂಗಿಲ ಕಾಲ ಕೆಳಗಿನ ನೀರು ನೋಡಿದ. ಅದು ನೀಲಿಯಿಂದ ಕಪ್ಪಾಗುವ ಕಡೆ ನೋಡಿದ. ಅಲ್ಲಿ ಆ ಮೂಲೆ ಅವನ ಕೈಗಾಗಿ ಕಾಯುತ್ತಿತ್ತು. ಬಾಯಿಂದ ರಬ್ಬರ್ ತೆಗೆದ.

"ಭಾವ, ನನ್ನ ಕೈಲಿ ಆಗಲ್ಲ."

ಬಾತುಕೋಳಿಯ ದನಿ. ಕೀಚಲು, ತಮಾಷೆಯ ದನಿ. ಬೋಟಿನಲ್ಲಿ ಯಾರೂ ನಗಲಿಲ್ಲ. ಡ್ರೈವರ್ ಆಚೆ ಮುಖ ಮಾಡಿಕೊಂಡು, ಸುತ್ತಿಟ್ಟಿದ್ದ ಹಗ್ಗವನ್ನು ಬಿಚ್ಚಿ ಮತ್ತೆ ಸುತ್ತತೊಡಗಿದ.

ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. "ಯಾಕೋ? ನಿನ್ನೆ ಆಯ್ತು, ಇವತ್ತೂ ಯಾಕೋ?"

"ಕೇಳೋ ಹಾಗಿಲ್ಲ ಕಣೇ," ಅಂದರು ಭಾವ. ಅವರದೂ ಬಾತುಕೋಳಿಯ ದನಿಯೇ. ಹೇಳುತ್ತಿದ್ದ ಹಾಗೇ ಸಿಲಿಂಡರಿನ ಪಟ್ಟಿ ಬಿಚ್ಚತೊಡಗಿದ್ದರು. ನಿನ್ನೆ ಕೆಳಗೆ ತಿರುಗಿದ ಹಾಗೇ, ಆ ಕ್ಷಣವೇ, ನೀರಿನ ಕಡೆ ಕಣ್ಣೆತ್ತಿಯೂ ನೋಡದೆ.

ಎದ್ದು ನಿಂತು, ತಲೆ ಬಗ್ಗಿಸಿ, ಅವನ ಕಡೆ ಬೆನ್ನು ತಿರುಗಿಸಿದರು. ತಿಮಿಂಗಿಲನ ಕೈಯಿಂದ ಜಿಪ್ಪಿನ ಹಿಡಿ ಎರಡು ಸಲ ಜಾರಿತು. ಮೂರನೆಯ ಸಲ ತೆರೆದುಕೊಂಡಾಗ ಒಳಗಿನ ಮೈಬಿಸಿ ಅವನ ಮುಖಕ್ಕೆ ತಟ್ಟಿತು. ಇನ್ನೂ ಒದ್ದೆಯೇ ಆಗದ ಸೂಟು.

"ತಿರುಗು, ನಿಂದು ತೆಗೀತೀನಿ," ಅಂದರು ಭಾವ. ಅಷ್ಟರಲ್ಲಿ ದನಿ ಅವರದೇ ಆಗಿತ್ತು.

ತಿಮಿಂಗಿಲ ತಿರುಗಿದ. ಭಾವನ ಕೈ ಎಂದಿನ ಹಾಗೆ ನಿಧಾನವಾಗಿ, ಹಲ್ಲು ಕೆಡದಂತೆ, ಜಿಪ್ ಎಳೆಯಿತು. ಅರ್ಧಕ್ಕೆ ಬಂದಾಗ ಒಂದು ಗಳಿಗೆ ನಿಂತಿತು.

"ಬಾಗಿಲು ತೆಗೆದೇ ಇತ್ತು ಅಂದ್ಕೋತೀನಿ ಬಿಡು," ಅಂದರು ಬೆನ್ನ ಹಿಂದಿನಿಂದ. ಆಮೇಲೆ ಉಳಿದರ್ಧ ತೆಗೆದರು.