ದುಃಖದ ಪದ್ಯದ ತಾಲೀಮು

ಗಂಡ ತೀರಿಕೊಂಡ ಮೇಲೆ ಅವಳು ಬರೆದ ಕವಿತೆಯನ್ನು ಪಕ್ಕದ ಮನೆಯ ಪಿಯಾನೋ ಟೀಚರ್ ಜಾಜ್ ಸಂಗೀತಕ್ಕೆ ಅಳವಡಿಸುತ್ತೇನೆ ಎಂದಾಗ, ಅವಳಿಗಿಂತ ಹೆಚ್ಚು ಹಿಗ್ಗಿದ್ದು ಅತ್ತೆ. ಮಗನ ನೆನಪಿನ ಹಾಡು. ತಾಲೀಮಿಗೇ ಬರುತ್ತೇನೆಂದು ಹಟ ಹಿಡಿದು, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಗೆ ಉಸ್ಸಪ್ಪಾ ಎನ್ನುತ್ತ ಮೆಟ್ಟಿಲು ಹತ್ತಿ ಬಂದಿದ್ದರು.

ಡ್ರಮ್ಮಿನವನು ತಂತಿಯ ಬ್ರಷ್ಷನ್ನು ಡ್ರಮ್ಮಿನ ಮೇಲೆ ಮೆತ್ತಗೆ ಆಡಿಸತೊಡಗಿದ.

"ಇದೇನೇ, ಬಾರಿಸೋದು ಬಿಟ್ಟು ಕಸ ಗುಡಿಸ್ತಿದ್ದಾನೆ?" ಅತ್ತೆ ಸೊಸೆಯ ಕಿವಿಯಲ್ಲಿ ಕೇಳಿದ್ದು ಅವನಿಗೂ ಕೇಳಿಸಿತು.

"ಮನೇಲಿ ಗುಡಿಸಲ್ಲ ಅಂತ ಹೆಂಡ್ತಿ ಬೈತಾಳೆ ಅಜ್ಜಿ. ಇಲ್ಲಾದ್ರೂ ಗುಡಿಸ್ತೀನಿ."

ಟೀಚರ್ ನಕ್ಕು ಸೊಸೆಯತ್ತ ತಿರುಗಿದಳು. "ನಾವೇನೂ ಮೊದಲೇ ಟ್ಯೂನ್ ಕಟ್ಕೊಂಡು ಬಂದಿಲ್ಲ ಅಕ್ಕಾ. ನೀವು ಮನೇಲಿ ಓದ್ಕೊಳೋ ಹಾಗೆ ಓದಿ. ನಿಮ್ಮ ಉಸಿರು ಹಿಡ್ಕೊಂಡು ನಾವು ಬರ್ತೀವಿ."

ಅವಳು ಓದಿದಳು. ಖಾಲಿ ಕುರ್ಚಿ. ಗೂಟದಲ್ಲಿ ನೇತಾಡುವ ಅಂಗಿ. ಹಾಸಿಗೆಯ ಖಾಲಿ ಬದಿ. ಪಿಯಾನೋ ಒಂದೆರಡು ಸಾಲು ಸುಮ್ಮನೆ ಹಿಂದೆ ಬಂತು, ಆಮೇಲೆ ಕುಣಿಯತೊಡಗಿತು. ಬ್ರಷ್ಷು ಚುರುಕಾಯಿತು. ಅವಳ ಕಾಲು ತಾನಾಗಿ ತಾಳ ಹಾಕುತ್ತಿತ್ತು; ದನಿ ಶಾಲೆ ಬಿಟ್ಟೊಡನೆ ಮನೆಗೆ ಓಡುವ ಹುಡುಗಿಯದಾಗಿತ್ತು.

ತಟ್ಟನೆ ನಿಲ್ಲಿಸಿದಳು. "ತಪ್ಪಾಯ್ತು. ಇದು ದುಃಖದ ಪದ್ಯ. ನಿಧಾನಕ್ಕೆ ಬಾರಿಸಿ."

"ನಿಧಾನಕ್ಕೇ ಶುರು ಮಾಡಿದ್ವಿ. ನೀವೇ ಎಳ್ಕೊಂಡು ಹೋದ್ರಿ," ಎಂದಳು ಟೀಚರ್.

ಮತ್ತೆ ನಿಧಾನವಾಗಿ ಬಾರಿಸಿದರು. ಈ ಸಲ ಒಂದೊಂದು ಸಾಲೂ ಸುಳ್ಳೆಂದು ಅವಳಿಗೇ ಕೇಳಿಸಿತು; ಅರ್ಧಕ್ಕೇ ಓದು ನಿಲ್ಲಿಸಿದಳು. ಟೀಚರ್ ನೀರು ತರುವ ನೆಪದಲ್ಲಿ ಡ್ರಮ್ಮಿನವನನ್ನೂ ಎಬ್ಬಿಸಿಕೊಂಡು ಹೊರಗೆ ಹೋದಳು.

ಅತ್ತೆ ಕೇಳಿದರು, "ಅವನು ನಿನ್ನ ಹೊಡೀತಿದ್ನಾ?"

"ಅಯ್ಯೋ, ಇಲ್ಲ ಅತ್ತೆ."

"ನಂಗೆ ಗೊತ್ತಿಲ್ದೆ ಕುಡೀತಿದ್ನಾ?"

"ಇಲ್ಲ. ಒಳ್ಳೆಯವರು."

"ಮತ್ತೆ?"

ಅವಳ ಮುಖ ಸುಡತೊಡಗಿತು. ಹೊಡೆದಿದ್ದರೆ ಹೇಳಲು ಒಂದು ಮಾತಾದರೂ ಇರುತ್ತಿತ್ತು. ಎಲ್ಲಿಗೆ ಹೊರಟೆ, ಯಾಕೆ ತಡ, ಯಾರ ಫೋನು ಎಂದು ಪ್ರೀತಿಯಿಂದಲೇ ಕೇಳುತ್ತಿದ್ದವನು. ಅವನಿಲ್ಲದ ಮನೆಯಲ್ಲಿ ತಾನು ಹಗುರಾದದ್ದನ್ನು, ಅವನನ್ನು ಹೆತ್ತವರ ಮುಂದೆ ಯಾವ ಬಾಯಲ್ಲಿ ಹೇಳುವುದು?

"ಮನೆಗೆ ಹೋಗೋಣ ಅತ್ತೆ. ಈ ಹಾಡೇ ಬೇಡ."

ಅತ್ತೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎದ್ದು, ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಮತ್ತೆ ಕೂತರು.

"ನಿನ್ನ ಮುಖ ನೋಡ್ತಾ ಕೇಳೋಕೆ ನನ್ನ ಕೈಲಾಗಲ್ಲ," ಎಂದರು. "ಓದು. ಮೊದಲು ಓದಿದ ಹಾಗೇ ಓದು."

ಹೊರಗಿದ್ದವರು ಒಳಗೆ ಬಂದರು. ಅವಳು ಅತ್ತೆಯ ಬೆನ್ನು ನೋಡುತ್ತ ಓದತೊಡಗಿದಳು. ನಡುಗುತ್ತಿದ್ದ ದನಿ ಎರಡನೆಯ ಸಾಲಿಗೇ ಹಗುರಾಗಿ ಓಡಿತು. ಅತ್ತೆಯ ಭುಜ ಅದುರುತ್ತಿತ್ತು. ನಾಚಿಕೆಯಿಂದ ಕಿವಿ ಉರಿಯುತ್ತಿದ್ದರೂ ಅವಳು ನಿಲ್ಲಿಸಲಿಲ್ಲ.