ಒಂದು ಗೇಣು ಹೆಚ್ಚು

ಪುತ್ತೂರು ಪೇಟೆಯಲ್ಲಿ ಸ್ವಂತ ಬಟ್ಟೆಯಂಗಡಿ ಇಟ್ಟು, ಬೂದು ಬಣ್ಣದ ಕೋಟು ತೊಟ್ಟು, ಗಾದಿಯ ಮೇಲೆ ಕೂತ ಕಾಲದಲ್ಲೂ ಸಾಹುಲ್ ಹಮೀದ್ ಸಾಹೇಬರು ಯಾವ ಬಾಗಿಲನ್ನೂ ನೆಟ್ಟಗೆ ನಿಂತು ದಾಟಿದವರಲ್ಲ. ಆನೆ ನುಗ್ಗುವಷ್ಟು ಎತ್ತರದ ಬಾಗಿಲಾದರೂ ಸರಿ, ಮೊಣಕಾಲು ತುಸು ಮಡಿಸಿ, ಕತ್ತು ಅಲುಗಿಸದೆ, ತಲೆಯ ಮೇಲೆ ಇನ್ನೂ ಬಟ್ಟೆಯ ಗಂಟು ಕೂತಿದೆಯೇನೋ ಎಂಬಂತೆ ಒಳಗೆ ಬರುತ್ತಿದ್ದರು. ಕಂಡು ಮುಸಿಮುಸಿ ನಕ್ಕವರು ಬೇಕಾದಷ್ಟು. ಅಜ್ಜಾವರ, ಆಲೆಟ್ಟಿಗಳ ಮನೆಮನೆಗೆ ತಲೆಹೊರೆಯಲ್ಲಿ ಬಟ್ಟೆ ಹೊತ್ತು ತಿರುಗಿದ ಕತ್ತು ಅದು. ಅಂಗಡಿ ಬಂತೆಂದು ತನ್ನ ಪಾಠ ಮರೆತೀತೆ?

ಮರೆಯದ ಇನ್ನೊಂದು ಅಭ್ಯಾಸ ಅವರ ಬಲಗೈಯಲ್ಲಿತ್ತು. ಗಜಕೋಲಿನಿಂದ ಅಳೆದ ಮೇಲೆ ಹೆಬ್ಬೆರಳು, ಕಿರುಬೆರಳು ಚಾಚಿ, ಒಂದು ಗೇಣು ಹೆಚ್ಚಿಗೆ ಬಿಟ್ಟೇ ಕತ್ತರಿ ಇಡುತ್ತಿದ್ದರು.

"ಬಟ್ಟೆ ನೀರು ಕುಡಿಯುತ್ತದೆ ಅಕ್ಕ. ಅದು ಕುಡಿದದ್ದು ನನ್ನ ಲೆಕ್ಕಕ್ಕೆ."

ಮೊದಲ ಒಗೆತಕ್ಕೆ ಕುಗ್ಗುವ ಬಟ್ಟೆಯ ಹೊಣೆಯನ್ನು ಮಾರಿದವನೇ ಹೊರಬೇಕೆಂಬ ಈ ಧರ್ಮವನ್ನು ಅವರಿಗೆ ಯಾರು ಹೇಳಿಕೊಟ್ಟರೋ ಕಾಣೆ. ಅವರ ಹೆಸರು ನಿಂತದ್ದು, ಅಂಗಡಿ ಬೆಳೆದದ್ದು ಆ ಗೇಣಿನ ಮೇಲೆಯೇ.

ಐವತ್ತರ ದಶಕದ ಕೊನೆಗೆ ಸಾಹೇಬರಿಗೆ ಹೊಸ ಹುಚ್ಚು ಹಿಡಿಯಿತು: ಸಿದ್ಧ ಅಂಗಿಗಳ ಕಂಪೆನಿ. ಅಂಗಡಿಯ ಹಿಂದೆ ಹೊಲಿಗೆಯಂತ್ರಗಳು ಸಾಲಾಗಿ ಕೂತವು, ದರ್ಜಿ ಡೊಂಬಯ್ಯ ಅವಕ್ಕೆಲ್ಲ ಮೇಸ್ತ್ರಿಯಾದ. ಕೊರಳಪಟ್ಟಿಯ ಒಳಗೆ ಕೆಂಪು ದಾರದಲ್ಲಿ ಸಾಹೇಬರ ಹೆಸರು ಹೊತ್ತ ಅಂಗಿಗಳು ಬಸ್ಸಿನ ತಲೆಯೇರಿ ಸುಳ್ಯಕ್ಕೆ, ಕಡಬಕ್ಕೆ ಹೊರಟವು. ಗಿರಣಿಯ ಹೊಸ ಬಟ್ಟೆ ಕುಗ್ಗುವ ಜಾತಿಯದಲ್ಲವೆಂದು ಮಂಗಳೂರಿನ ಏಜೆಂಟ ಸಾರಿ ಸಾರಿ ಹೇಳಿದ್ದ. ಸಾಹೇಬರು ನಂಬಬೇಕಲ್ಲ.

"ನೀರು ಕುಡಿಯದ ಬಟ್ಟೆ ಎಲ್ಲಿ ಉಂಟು ಮಾರಾಯ? ನೀನು ಗೇಣು ಬಿಟ್ಟೇ ಕತ್ತರಿಸು," ಎಂದರು ಡೊಂಬಯ್ಯನಿಗೆ.

ಕೊಂಡವರೂ ಅವರ ಮಾತು ನಂಬಿ, ಒಗೆದರೆ ಸರಿಯಾದೀತೆಂದು ಕಾದರು. ಕಲ್ಲಿಗೆ ಬಡಿದರು, ಹಂಡೆಯಲ್ಲಿ ಕುದಿಸಿದರು. ಅಂಗಿ ಜಪ್ಪಯ್ಯ ಅನ್ನಲಿಲ್ಲ. ನರಿಮೊಗರಿನ ಮದುವೆಯೊಂದರಲ್ಲಿ ಧಾರೆಯ ಹೊತ್ತಿಗೆ ಮದುಮಗನ ಕೈಯನ್ನು ತೋಳಿನೊಳಗೆ ಹುಡುಕಬೇಕಾಯಿತಂತೆ. ಸಾಹೇಬರ ಅಂಗಿಯೆಂದರೆ ಬೆದರುಬೊಂಬೆಯ ಅಂಗಿ ಎಂದು ಪೇಟೆಯೆಲ್ಲ ಆಡಿಕೊಂಡಿತು.

ಹೆಸರಿನ ಪಟ್ಟಿ ಕಿತ್ತು ಘಟ್ಟದ ಮೇಲಿನ ಸಂತೆಗಳಲ್ಲಿ ಮಾರಿಬಿಟ್ಟರೆ ಕಂಪೆನಿ ಉಳಿಯುತ್ತದೆಂದು ಡೊಂಬಯ್ಯ ಅಂಗಲಾಚಿದ.

"ಹೆಸರು ಕಿತ್ತರೆ ತಪ್ಪು ಯಾರದ್ದಾಗುದು?" ಎಂದರು ಸಾಹೇಬರು. ಮಾರಿಹೋದ ಅಂಗಿಗಳನ್ನೂ ವಾಪಸು ಕರೆಸಿದರು. ತೊಟ್ಟದ್ದು, ಒಗೆದದ್ದು, ಗುಂಡಿ ಕಳೆದದ್ದು, ಎಲ್ಲಕ್ಕೂ ಪೂರ್ತಿ ಕ್ರಯ ಕೊಟ್ಟರು. ಯಂತ್ರಗಳು ಹೋದವು, ಅಂಗಡಿ ಹೋಯಿತು, ಕಡೆಗೆ ಆ ಕೋಟೂ ಹೋಯಿತು. ಅಬ್ಬ, ಎಂಥ ಎದೆ ಆ ಮನುಷ್ಯನದು. ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಉಳಿದದ್ದು ರಾಶಿ ಅಂಗಿ. ಹೆಂಡತಿ ಹವ್ವಮ್ಮ ಅವನ್ನು ಬಿಚ್ಚಿ, ಶಾಲೆಯ ಮಕ್ಕಳ ಅಂಗಿ ಹೊಲಿದು ಕೊಟ್ಟರು. ಸಾಹೇಬರು ಮತ್ತೆ ಗಂಟು ತಲೆಗೇರಿಸಿದರು. ಆಲೆಟ್ಟಿಯಲ್ಲಿ ಅವರ ಹಳೆಯ ಗಿರಾಕಿ ಶೀಲಾವತಿಯಮ್ಮ ಮಗನಿಗೊಂದು ತೊಡಿಸಿ ನೋಡಿದರೆ, ಅದೂ ದೊಡ್ಡದು.

"ಈ ಬಟ್ಟೆ ಕುಗ್ಗುದಿಲ್ಲ ಅಂತ ಊರಿಗೇ ಗೊತ್ತಾಯ್ತಲ್ಲ ಸಾಹೇಬರೆ. ಇನ್ನೂ ಎಂತಕ್ಕೆ ಗೇಣು ಹೆಚ್ಚು?"

"ಬಟ್ಟೆ ಕುಗ್ಗದಿದ್ದರೆ ಬೇಡ ಅಕ್ಕ. ಮಗು ಬೆಳೆಯುತ್ತದಲ್ಲ."

ಆಕೆ ಅಂಗಿ ಇಟ್ಟುಕೊಂಡರು. ಸಾಹೇಬರು ಗಂಟು ಹೊತ್ತು, ಮೊಣಕಾಲು ಮಡಿಸಿ, ಬಾಗಿಲು ದಾಟಿ ಹೋದರು. ಈ ಸಲ ನಗುವವರು ಯಾರೂ ಇರಲಿಲ್ಲ. ಇಂಥವರ ಕಂಪೆನಿಗಳು ಮುಳುಗುತ್ತವೆ, ನಿಜ. ಲೋಕದ ಅಳತೆಗೆ ಇವರು ಯಾವಾಗಲೂ ಒಂದು ಗೇಣು ದೊಡ್ಡವರು. ಕತ್ತರಿಸಿ ಸರಿಪಡಿಸುತ್ತೇನೆಂದರೆ ಆಗುವ ಕೆಲಸವಲ್ಲ; ಬೆಳೆದು ಆ ಅಳತೆಗೆ ಬರಬೇಕಾದವರು ನಾವು.